ಮಿನಿ ಟ್ರ್ಯಾಕ್ಟರ್ ಕೊಳ್ಳುವ ಮುನ್ನ: ಬೆಲೆ, ಬಲ, ಗಂಟೆಯ ಲೆಕ್ಕ – ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆ, ತೆಂಗು, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುವವರು ಮಿನಿ ಟ್ರ್ಯಾಕ್ಟರ್ ಬಗ್ಗೆ ನನ್ನನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ. ಬೆಲೆಗಳನ್ನು ಅಂದಾಜಿನಲ್ಲಿ ಕೊಟ್ಟಿದ್ದೇನೆ. ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಅವು ಬದಲಾಗುತ್ತವೆ. ಲೆಕ್ಕ ಹಾಕುವ ಕ್ರಮ ಮಾತ್ರ ಎಲ್ಲಿಯಾದರೂ ಒಂದೇ.

ಮಿನಿ ಟ್ರ್ಯಾಕ್ಟರ್ ಎಂದು ಯಾವುದನ್ನು ಕರೆಯುತ್ತಾರೆ?

ಶೋರೂಮಿನಲ್ಲಿ ಸುಮಾರು 30 ಎಚ್‌ಪಿಗಿಂತ ಕೆಳಗಿನದೆಲ್ಲ ಮಿನಿ. ತೀರಾ ಕೆಳಗೆ 11 ಎಚ್‌ಪಿಯ ಸ್ವರಾಜ್ ಕೋಡ್ ಇದೆ. ಅದು ಪೆಟ್ರೋಲ್ ಎಂಜಿನ್ನಿನದು, 2021ರಲ್ಲಿ ಬಂದದ್ದು, ಹಿಂದೆ ನಡೆದುಕೊಂಡು ಹೊಡೆಯುವ ಟಿಲ್ಲರಿಗೂ ಟ್ರ್ಯಾಕ್ಟರಿಗೂ ನಡುವಿನ ಪ್ರಾಣಿ ಎನ್ನಬಹುದು. ಅದರ ಮೇಲೆ 15 ಎಚ್‌ಪಿಯ ಮಹೀಂದ್ರ ಯುವರಾಜ್ 215, ಹದಿನೆಂಟು ಹತ್ತೊಂಬತ್ತು ಎಚ್‌ಪಿಯ ವಿಎಸ್‌ಟಿ 180, 21 ಎಚ್‌ಪಿಯ ಕುಬೋಟ ನಿಯೋಸ್ಟಾರ್ ಎ211ಎನ್, 24 ಎಚ್‌ಪಿಯ ಮಹೀಂದ್ರ ಜೀವೊ 245 ಡಿಐ, ಅದೇ ಸಾಲಿನ ಕುಬೋಟ ಬಿ2441, 27ರ ಬಿ2741, 28 ಎಚ್‌ಪಿಯ ಜಾನ್ ಡೀರ್ 3028 ಇಎನ್ ಬರುತ್ತವೆ. 2023ರ ಆಗಸ್ಟ್‌ನಲ್ಲಿ ಮಹೀಂದ್ರ ಕಂಪನಿ ಜಪಾನಿನ ಮಿತ್ಸುಬಿಷಿ ಜೊತೆಗೂಡಿ ರೂಪಿಸಿದ ಓಜಾ ಸರಣಿಯನ್ನೂ ಹೊರತಂದಿತು. ಅದು 20 ಎಚ್‌ಪಿಯಿಂದ ಆರಂಭವಾಗಿ 40ರವರೆಗೆ ಹೋಗುತ್ತದೆ.

ವಿಎಸ್‌ಟಿ ನಮ್ಮ ಬೆಂಗಳೂರಿನದೇ ಕಂಪನಿ. ಕರ್ನಾಟಕದ ಹಳ್ಳಿಗಳಲ್ಲಿ ಟಿಲ್ಲರ್ ಎಂದರೆ ಇಂದಿಗೂ ಎಷ್ಟೋ ಜನರ ಬಾಯಲ್ಲಿ ಮೊದಲು ಬರುವ ಹೆಸರು ಅದೇ. ಹಾಗಾಗಿ ಬಿಡಿಭಾಗ ಸಿಗುವುದು ಸುಲಭ. ಆಯ್ಕೆಯಲ್ಲಿ ಇದಕ್ಕೂ ತೂಕವಿದೆ.

ಬೆಲೆ ಎಷ್ಟಿದೆ?

ಹನ್ನೊಂದರಿಂದ ಹದಿನೈದು ಎಚ್‌ಪಿಯವಕ್ಕೆ ಎರಡೂವರೆಯಿಂದ ಮೂರೂವರೆ ಲಕ್ಷ. ಹದಿನೆಂಟರಿಂದ ಇಪ್ಪತ್ತೆರಡರವರೆಗೆ ಮೂರೂವರೆಯಿಂದ ಐದು ಲಕ್ಷ. ಇಪ್ಪತ್ತನಾಲ್ಕರಿಂದ ಇಪ್ಪತ್ತೆಂಟರ ಫೋರ್ ವೀಲ್ ಡ್ರೈವ್‌ಗೆ ಐದೂಕಾಲರಿಂದ ಎಂಟು ಲಕ್ಷದೊಳಗೆ ಹಿಡಿಯಿರಿ. ನೋಂದಣಿ ಮತ್ತು ವಿಮೆ ಇದರಲ್ಲಿ ಸೇರಿಲ್ಲ.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ಟ್ರ್ಯಾಕ್ಟರ್ ಟೈರು ಮತ್ತು ಹಲವು ಬಿಡಿಭಾಗಗಳ ತೆರಿಗೆ 18ರಿಂದ 5ಕ್ಕೆ ಬಂದಿದೆ. ಅಂದರೆ ಆ ದಿನದ ಹಿಂದೆ ತೆರಿಗೆ ಸೇರಿ 5,60,000 ರೂಪಾಯಿ ಇದ್ದ ಗಾಡಿಯ ಮೂಲ ಬೆಲೆ 5 ಲಕ್ಷ, ಹೊಸ ದರದಲ್ಲಿ ಅದು 5,25,000 ಆಗಬೇಕು. ಯಾರಾದರೂ ಹಳೆಯ ಬೆಲೆಪಟ್ಟಿಯನ್ನು ಮುಂದಿಟ್ಟು 'ನಿಮಗಾಗಿ ಮೂವತ್ತೈದು ಸಾವಿರ ಬಿಟ್ಟಿದ್ದೇನೆ' ಎಂದರೆ, ಬಿಟ್ಟವರು ಡೀಲರ್ ಅಲ್ಲ ಎಂದು ತಿಳಿದುಕೊಂಡು ಮಾತು ಮುಂದುವರಿಸಿ.

45 ಎಚ್‌ಪಿಯ ದೊಡ್ಡ ಟ್ರ್ಯಾಕ್ಟರಿಗೂ ಹೆಚ್ಚುಕಡಿಮೆ ಇಷ್ಟೇ ಆಗುತ್ತದಲ್ಲ? ಚಿಕ್ಕದನ್ನು ಏಕೆ ಕೊಳ್ಳಬೇಕು?

ಇದು ನ್ಯಾಯವಾದ ಪ್ರಶ್ನೆ, ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆಯೂ ಹೌದು. ಏಳು ಎಂಟು ಲಕ್ಷಕ್ಕೆ 45 ಎಚ್‌ಪಿ ಸಿಗುವಾಗ ಅದೇ ಹಣಕ್ಕೆ 28 ಎಚ್‌ಪಿ ತರುವವನನ್ನು ನೋಡಿ ನೆಂಟರು ನಗುತ್ತಾರೆ. ಒಂದು ಎಚ್‌ಪಿಗೆ ಎಷ್ಟು ರೂಪಾಯಿ ಎಂದು ಭಾಗಿಸಿದರೆ ಚಿಕ್ಕ ಟ್ರ್ಯಾಕ್ಟರ್ ಯಾವಾಗಲೂ ದುಬಾರಿಯೇ. ಗೇರ್‌ಬಾಕ್ಸು, ಹೈಡ್ರಾಲಿಕ್ಸು, ಮುಂದಿನ ಆಕ್ಸಲ್ ಇವನ್ನು ಚಿಕ್ಕದಾಗಿ ಮಾಡಿದರೂ ಮಾಡುವ ಕೆಲಸದ ಖರ್ಚು ಅರ್ಧಕ್ಕೆ ಇಳಿಯುವುದಿಲ್ಲ.

ಉತ್ತರ ಇರುವುದು ನಿಮ್ಮ ತೋಟದ ಸಾಲುಗಳ ನಡುವೆ. ದೊಡ್ಡ ಟ್ರ್ಯಾಕ್ಟರಿನ ಅಗಲ ಐದೂವರೆ ಆರು ಅಡಿ, ಮಿನಿಯದ್ದು ಮೂರರಿಂದ ನಾಲ್ಕು ಅಡಿ. ನಿಮ್ಮ ಜಮೀನೆಲ್ಲ ಬಯಲು ಹೊಲವಾಗಿದ್ದು, ಜೋಳ, ಕಡಲೆ, ಹತ್ತಿ ಬೆಳೆಯುವವರಾದರೆ ಮಿನಿ ಟ್ರ್ಯಾಕ್ಟರಿನ ಆಸೆ ಬಿಡಿ. ರಾಯಚೂರು, ಗದಗ ಕಡೆಯ ಎರೆ ಭೂಮಿಯಲ್ಲಿ ಆಳವಾಗಿ ಉಳುವುದಕ್ಕೆ ಅದಕ್ಕೆ ತೂಕವೂ ಸಾಲದು, ಬಲವೂ ಸಾಲದು.

ನನ್ನ ತೋಟದ ಸಾಲಿನಲ್ಲಿ ಅದು ಹಿಡಿಸುತ್ತದೆಯೇ?

ಟೇಪು ಹಿಡಿದು ಅಳೆಯಿರಿ. ಅಡಿಕೆಗೆ ಶಿಫಾರಸು ಮಾಡಿರುವ ಅಂತರ 2.7 ಮೀಟರ್, ನಮ್ಮ ಲೆಕ್ಕದಲ್ಲಿ ಒಂಬತ್ತು ಅಡಿ. ಎರಡೂ ಬದಿಯ ಮರದ ಬುಡಕ್ಕೆ ಒಂದೂವರೆ ಅಡಿಯಂತೆ ಬಿಟ್ಟರೆ ಆರು ಅಡಿ ಉಳಿಯಿತು. ಅದರಲ್ಲಿ ಡ್ರಿಪ್ ಪೈಪು ಎಲ್ಲಿದೆ ನೋಡಿಕೊಳ್ಳಿ. ನಾಲ್ಕು ಅಡಿಯ ಗಾಡಿ ಸಲೀಸಾಗಿ ಹೋಗುತ್ತದೆ. ತೆಂಗಿನ ತೋಟದಲ್ಲಿ ಅಂತರ 25 ಅಡಿ, ಅಲ್ಲಿ ದೊಡ್ಡದೂ ಓಡಾಡುತ್ತದೆ. ತೆಂಗಿನ ನಡುವೆ ಬಾಳೆ, ಕೋಕೋ, ಅಡಿಕೆ ಸೇರಿಸಿದವರಿಗೆ ಮಾತ್ರ ಮಿನಿ ಬೇಕಾಗುತ್ತದೆ.

ರಾಮನಗರ, ಕೋಲಾರ ಕಡೆಯ ರೇಷ್ಮೆ ಬೆಳೆಗಾರರು ಜೋಡಿ ಸಾಲಿನಲ್ಲಿ ಹಿಪ್ಪುನೇರಳೆ ನೆಟ್ಟಿದ್ದರೆ ಜೋಡಿಯೊಳಗೆ ಮೂರು ಅಡಿ, ಜೋಡಿಗಳ ನಡುವೆ ಐದು ಅಡಿ ಇರುತ್ತದೆ. ಆ ಐದು ಅಡಿಯಲ್ಲಿ, ರೆಂಬೆ ಕಟಾವಾದ ಹೊಸತರಲ್ಲಿ, ಮೂರು ಅಡಿ ಅಗಲದ ಗಾಡಿ ಓಡಬಲ್ಲದು. ಸೊಪ್ಪು ಬಲಿತ ಮೇಲೆ ನುಗ್ಗಿಸಿದರೆ ಹುಳುವಿಗೆ ಹಾಕಬೇಕಾದ ಸೊಪ್ಪು ನೆಲಕ್ಕೆ ಬೀಳುತ್ತದೆ.

ಚಿಕ್ಕಬಳ್ಳಾಪುರದ ಚಪ್ಪರದ ದ್ರಾಕ್ಷಿಯಲ್ಲಿ ಅಗಲಕ್ಕಿಂತ ಎತ್ತರದ ಕಷ್ಟ ಹೆಚ್ಚು. ಹೊಗೆಕೊಳವೆ ಮೇಲಕ್ಕೆ ನಿಂತಿರುವ ಗಾಡಿ ಅಲ್ಲಿ ಎಲೆಯನ್ನೇ ಸುಡುತ್ತದೆ. ಕೊಳವೆ ಪಕ್ಕಕ್ಕೋ ಕೆಳಕ್ಕೋ ಇರುವುದು, ಗಾಡಿ ಮಗುಚಿದರೆ ಚಾಲಕನನ್ನು ಕಾಯುವ ಹಿಂದಿನ ರಕ್ಷಣಾ ಕಮಾನನ್ನು ಮಡಚಲು ಬರುವುದು ಬೇಕು. ಚಾಲಕನ ಸೀಟಿನಲ್ಲಿ ನೀವೇ ಕುಳಿತು ತಲೆಗೆ ಚಪ್ಪರ ತಾಗುತ್ತದೆಯೇ ನೋಡಿ.

ಮಲೆನಾಡಿನ ಹಳೆಯ ಅಡಿಕೆ ತೋಟಗಳ ಮಾತೇ ಬೇರೆ. ಎರಡು ಸಾಲಿಗೊಂದು ಬಸಿಗಾಲುವೆ, ಅದರ ಮೇಲೆ ಅಡಿಕೆ ಮರದ ದಬ್ಬೆಯ ಸಂಕ. ಅಲ್ಲಿ ಯಾವ ಟ್ರ್ಯಾಕ್ಟರೂ ಇಳಿಯುವುದಿಲ್ಲ. ಅಂಥ ತೋಟಕ್ಕೆ ಕಳೆ ಕತ್ತರಿಸುವ ಯಂತ್ರವೂ ಒಂದು ಮೋಟಾರು ಕೈಗಾಡಿಯೂ ಸಾಕು, ಒಂದು ಲಕ್ಷದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ.

ಎಂಜಿನ್ ಎಚ್‌ಪಿ, ಪಿಟಿಒ ಎಚ್‌ಪಿ – ಇವುಗಳ ವ್ಯತ್ಯಾಸವೇನು?

ಬಾನೆಟ್ ಮೇಲೆ ಬರೆದಿರುವುದು ಎಂಜಿನ್ನಿನ ಬಲ. ಹಿಂದೆ ತಿರುಗುವ ದಂಡಕ್ಕೆ, ಅಂದರೆ ಪಿಟಿಒಗೆ, ತಲುಪುವುದು ಅದಕ್ಕಿಂತ ಕಡಿಮೆ. ಮಣ್ಣನ್ನು ಕತ್ತರಿಸಿ ಪುಡಿ ಮಾಡುವ ರೋಟವೇಟರ್, ಔಷಧಿ ಸಿಂಪಡಿಸುವ ಪಂಪು, ಕಳೆ ಕತ್ತರಿಸುವ ಯಂತ್ರ ಎಲ್ಲವೂ ನಡೆಯುವುದು ಪಿಟಿಒ ಬಲದ ಮೇಲೆ. ಆದ್ದರಿಂದ ಹೋಲಿಸುವಾಗ ಆ ಸಂಖ್ಯೆಯನ್ನೇ ಕೇಳಿ. ಜೀವೊ 245ರ ಎಂಜಿನ್ 24, ಪಿಟಿಒ 22.

ಮೂರನೆಯದೊಂದಿದೆ, ಎಳೆಯುವ ಬಲ. ಅದನ್ನು ನಿರ್ಧರಿಸುವುದರಲ್ಲಿ ಎಂಜಿನ್ನಿಗಿಂತ ಗಾಡಿಯ ತೂಕದ ಪಾಲು ದೊಡ್ಡದು. ನಿಯೋಸ್ಟಾರ್ ಎ211ಎನ್ ತೂಗುವುದು 600 ಕೆಜಿಯ ಒಳಗೆ, 3028 ಇಎನ್ ತೂಗುವುದು ಒಂದು ಟನ್ನಿಗೂ ಹೆಚ್ಚು. ಎಚ್‌ಪಿಯಲ್ಲಿ ಇವೆರಡರ ಅಂತರ ಏಳು ಮಾತ್ರ, ಗಟ್ಟಿ ನೆಲದಲ್ಲಿ, ಹಲ್ಲುಗಳಿಂದ ಮಣ್ಣು ಸೀಳುವ ಕಲ್ಟಿವೇಟರ್ ಎಳೆಸಿದರೆ ಅಂತರ ಅದಕ್ಕಿಂತ ಎಷ್ಟೋ ದೊಡ್ಡದಾಗಿ ಕಾಣುತ್ತದೆ. ಹಗುರ ಗಾಡಿಯ ಚಕ್ರ ನಿಂತಲ್ಲೇ ಸುತ್ತುತ್ತದೆ. ಹಾಗೆಂದು ಹಗುರವಾಗಿರುವುದು ದೋಷವೆಂದು ತಿಳಿಯಬೇಡಿ. ಅಡಿಕೆಯ ಉಣ್ಣುವ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ, ಹಸಿ ನೆಲದಲ್ಲಿ ಭಾರದ ಗಾಡಿ ಓಡಿದರೆ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ.

ಕಂಪನಿಯ ಮಾತು ಸಾಲದೆನ್ನಿಸಿದರೆ ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯ ವರದಿ ನೋಡಿ. ಪಿಟಿಒ ಬಲ, ಎಳೆಯುವ ಬಲ, ಡೀಸೆಲ್ ಖರ್ಚು, ಎತ್ತುವ ಸಾಮರ್ಥ್ಯ ಎಲ್ಲವನ್ನೂ ಅಳೆದು ಬರೆದಿರುತ್ತಾರೆ. ಡೀಲರ್ ಹತ್ತಿರ ಆ ವರದಿ ಇರಬೇಕು. ಕೇಳಿದಾಗ ಮುಖ ಹೇಗಾಗುತ್ತದೆ ಎಂಬುದರಿಂದಲೂ ಸ್ವಲ್ಪ ತಿಳಿಯುತ್ತದೆ.

ಗಂಟೆಗೆ ಎಷ್ಟು ಎಕರೆ ಹೊಡೆಯಬಹುದು?

ಸಲಕರಣೆಯ ಅಗಲವನ್ನು ಮೀಟರಿನಲ್ಲಿ, ವೇಗವನ್ನು ಗಂಟೆಗೆ ಕಿಲೋಮೀಟರಿನಲ್ಲಿ ಇಟ್ಟು ಗುಣಿಸಿ ಹತ್ತರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಹೆಕ್ಟೇರ್ ಎಂದು ಬರುತ್ತದೆ. ತಿರುಗುವುದು, ನಿಲ್ಲುವುದು, ಹುಲ್ಲು ಸುತ್ತಿಕೊಂಡದ್ದನ್ನು ಬಿಡಿಸುವುದು ಇವಕ್ಕೆ ಕಾಲು ಭಾಗ ಕಳೆಯಿರಿ.

ಮೂರೂವರೆ ಅಡಿಯ, ಅಂದರೆ 1.05 ಮೀಟರಿನ ರೋಟವೇಟರ್, ವೇಗ ಮೂರು ಕಿಲೋಮೀಟರ್. ಲೆಕ್ಕ ಗಂಟೆಗೆ 0.24 ಹೆಕ್ಟೇರ್ ಹತ್ತಿರ ನಿಲ್ಲುತ್ತದೆ, ಎಕರೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಾಲ್ಕು ಎಕರೆ ತೋಟ ಒಂದು ಸಲ ಹೊಡೆಯುವುದಕ್ಕೆ ಏಳು ಗಂಟೆ. ಆರು ಅಡಿಯ ರೋಟವೇಟರ್ ಕಟ್ಟಿದ ದೊಡ್ಡ ಟ್ರ್ಯಾಕ್ಟರ್ ಬಯಲಿನಲ್ಲಿ ಗಂಟೆಗೆ ಒಂದು ಎಕರೆಯ ಮೇಲೆ ಹೊಡೆಯುತ್ತದೆ. 24 ಎಚ್‌ಪಿಗೆ ಮೂರೂವರೆ ನಾಲ್ಕು ಅಡಿಯ ರೋಟವೇಟರ್ ಸರಿಯಾದ ಜೋಡಿ. ಐದು ಅಡಿಯದ್ದನ್ನು ಕಟ್ಟಿಕೊಟ್ಟು 'ಎಳೆಯುತ್ತದೆ' ಎನ್ನುವವರಿದ್ದಾರೆ. ಎಳೆಯುತ್ತದೆ, ಕರಿ ಹೊಗೆ ಬಿಡುತ್ತಾ.

750 ಕೆಜಿ ಎತ್ತುತ್ತದೆ ಎಂದು ಬರೆದಿದ್ದಾರೆ. ಸಾಕಾಗುತ್ತದೆಯೇ?

ಜೀವೊ 245, ಎ211ಎನ್, ಬಿ2441 ಇವೆಲ್ಲದರ ಮೇಲೂ 750 ಎಂದೇ ಇದೆ. ಯುವರಾಜ್ 215ಕ್ಕೆ 778, 3028 ಇಎನ್‌ಗೆ 910. ಈ ಸಂಖ್ಯೆಯನ್ನು ಸಾಮಾನ್ಯವಾಗಿ ಕೊಂಡಿಯ ತುದಿಯಲ್ಲಿ ಅಳೆದಿರುತ್ತಾರೆ. ಭಾರ ಹಿಂದಕ್ಕೆ ಹೋದಂತೆಲ್ಲ ಅದು ಇಳಿಯುತ್ತದೆ. ಕಲ್ಟಿವೇಟರ್, ಚಿಕ್ಕ ರೋಟವೇಟರ್, ಗುಂಡಿ ತೋಡುವ ಯಂತ್ರ ಇವಕ್ಕೆ 750 ಧಾರಾಳ.

ಸಿಂಪಡಣೆಯ ಟ್ಯಾಂಕಿನಲ್ಲಿ ಎಚ್ಚರ ಬೇಕು. 200 ಲೀಟರಿನ ಟ್ಯಾಂಕು ತುಂಬಿದರೆ ನೀರೇ 200 ಕೆಜಿ, ಜೊತೆಗೆ ಪಂಪು, ಫ್ಯಾನು, ಚೌಕಟ್ಟು. ಇದನ್ನು ಎತ್ತಿಕೊಂಡು ಓಡಬಹುದು. ಫ್ಯಾನಿನ ಗಾಳಿಯಿಂದ ಔಷಧಿ ಚಿಮ್ಮಿಸುವ 600 ಲೀಟರಿನ ಬ್ಲೋವರನ್ನು ಮಿನಿ ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟುವ ಯೋಚನೆಯೇ ಬೇಡ. ಹೈಡ್ರಾಲಿಕ್ಸ್ ಎತ್ತಿದರೂ ಮುಂದಿನ ಚಕ್ರ ನೆಲ ಬಿಡುತ್ತದೆ, ಸ್ಟೀರಿಂಗ್ ಕೈಗೆ ಸಿಗುವುದಿಲ್ಲ. ದ್ರಾಕ್ಷಿಯವರು ಅಷ್ಟು ದೊಡ್ಡದನ್ನು ಚಕ್ರದ ಮೇಲೆ ಹಿಂದೆ ಎಳೆಸುವುದು ಇದಕ್ಕೇ.

ಫೋರ್ ವೀಲ್ ಡ್ರೈವ್ ಬೇಕೇ?

ತೋಟ, ಗದ್ದೆ, ಇಳಿಜಾರು ಇದ್ದವರಿಗೆ ಹೌದು. ಒಣ ಭೂಮಿಯಲ್ಲಿ ಹಗುರ ಕೆಲಸ ಮಾತ್ರವಿದ್ದರೆ ಅಷ್ಟು ಹಣ ಸಲಕರಣೆಗೆ ಹಾಕಿ. ಮಿನಿ ಟ್ರ್ಯಾಕ್ಟರ್ ಹಗುರವಾದ್ದರಿಂದ ನಾಲ್ಕೂ ಚಕ್ರ ಎಳೆದರೆ ಸಿಗುವ ಲಾಭ ದೊಡ್ಡ ಗಾಡಿಗಿಂತ ಹೆಚ್ಚು.

ಎರಡು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಡಾಂಬರು ರಸ್ತೆಗೆ ಬಂದಾಗ ಮುಂದಿನ ಆಕ್ಸಲಿನ ಜೋಡಣೆ ಬಿಡಿಸಬೇಕು, ಇಲ್ಲದಿದ್ದರೆ ಟೈರು ಬೇಗ ಸವೆಯುತ್ತದೆ, ಗೇರಿನ ಮೇಲೆ ಒತ್ತಡ ಬೀಳುತ್ತದೆ. ಎರಡನೆಯದು, ಮುಂದಿನ ಟೈರಿನ ಸುತ್ತಳತೆಗೂ ಹಿಂದಿನದಕ್ಕೂ ಕಂಪನಿ ಒಂದು ಅನುಪಾತ ಇಟ್ಟಿರುತ್ತದೆ. ಮುಂದಿನವು ಸವೆದಾಗ 'ಸಿಕ್ಕಿದ ಸೈಜು' ಹಾಕಿಸಿದರೆ ಮುಂದಿನ ಚಕ್ರವೂ ಹಿಂದಿನದೂ ಒಂದನ್ನೊಂದು ಎಳೆದಾಡುತ್ತವೆ. ನಮ್ಮ ಪರಿಚಯದ ಒಬ್ಬರು ಟೈರಿನಲ್ಲಿ ಎರಡು ಸಾವಿರ ಉಳಿಸಿ ಮುಂದಿನ ಆಕ್ಸಲ್ ರಿಪೇರಿಗೆ ಅದರ ಹತ್ತಿಪ್ಪತ್ತು ಪಟ್ಟು ತೆತ್ತರು.

ಟಿಲ್ಲರ್ ಸಾಲದೇ?

ಎರಡು ಮೂರು ಎಕರೆಗೆ, ನಡೆದು ಕೆಲಸ ಮಾಡುವ ಮೈ ಇದ್ದವರಿಗೆ, ಸಾಕು. ಬೆಲೆ ಮಿನಿ ಟ್ರ್ಯಾಕ್ಟರಿನ ಅರ್ಧ ಅಥವಾ ಅದಕ್ಕೂ ಕಡಿಮೆ. ಗದ್ದೆಯ ಕೆಸರಿನಲ್ಲಿ ಟಿಲ್ಲರಿನ ಕೆಲಸ ಚೊಕ್ಕ. ಆದರೆ ದಿನವಿಡೀ ಅದರ ಹಿಡಿ ಹಿಡಿದವನ ಭುಜವನ್ನು ಸಂಜೆ ಕೇಳಬೇಕು. ನನ್ನ ತಂದೆ ಅರವತ್ತರವರೆಗೆ ಟಿಲ್ಲರ್ ಹೊಡೆದರು. ಈಗ ಅದನ್ನು ಹೊಡೆಯುವುದಕ್ಕೆ ಆಳು ಸಿಗುವುದಿಲ್ಲ, ಸೀಟಿನ ಮೇಲೆ ಕೂರುವ ಗಾಡಿಯಾದರೆ ಬರುತ್ತಾರೆ. ಮಿನಿ ಟ್ರ್ಯಾಕ್ಟರ್ ಕೊಂಡ ಎಷ್ಟೋ ಮನೆಗಳಲ್ಲಿ ನಿಜವಾದ ಕಾರಣ ಇದೇ, ಯಾರೂ ಹಾಗೆಂದು ಹೇಳುವುದಿಲ್ಲ.

ಸ್ವಂತಕ್ಕೆ ಕೊಳ್ಳುವುದು ಲಾಭವೋ, ಬಾಡಿಗೆಗೆ ಕರೆಸುವುದು ಲಾಭವೋ?

ಇಲ್ಲಿ ಪೆನ್ನು ಕಾಗದ ತೆಗೆದುಕೊಳ್ಳಿ.

ಟ್ರ್ಯಾಕ್ಟರಿಗೆ ಆರು ಲಕ್ಷ, ರೋಟವೇಟರ್, ಕಲ್ಟಿವೇಟರ್, ಪಂಪು ಎಲ್ಲ ಸೇರಿ ಒಂದೂವರೆ ಲಕ್ಷ, ಒಟ್ಟು ಏಳೂವರೆ. ಹತ್ತು ವರ್ಷದ ಮೇಲೆ ಮಾರಿದರೆ ಎರಡು ಲಕ್ಷ ಬಂತೆಂದುಕೊಳ್ಳಿ. ಸವೆತ ವರ್ಷಕ್ಕೆ 55,000. ತೊಡಗಿಸಿದ ಹಣದ ಸರಾಸರಿ 4,75,000, ಅದಕ್ಕೆ ಶೇಕಡ 10ರಂತೆ ಬಡ್ಡಿ 47,500. ಸ್ವಂತ ಹಣ ಹಾಕಿದರೂ ಈ ಬಡ್ಡಿ ಲೆಕ್ಕಕ್ಕೆ ಬರಲೇಬೇಕು, ಬ್ಯಾಂಕಿನಲ್ಲಿಟ್ಟಿದ್ದರೆ ಏನಾದರೂ ಬರುತ್ತಿತ್ತಲ್ಲ. ವಿಮೆ, ಕೊಟ್ಟಿಗೆ, ಸಣ್ಣಪುಟ್ಟದಕ್ಕೆ 10,000. ಕೂಡಿದರೆ 1,12,500. ಗಾಡಿ ಒಂದು ಗಂಟೆಯೂ ಓಡದೆ ಹುಂಜ ಅದರ ಮೇಲೆ ಮಲಗಿದ್ದರೂ ಈ ಖರ್ಚು ಇದ್ದೇ ಇದೆ.

ಇನ್ನು ಓಡಿದರೆ ಗಂಟೆಗೆ ಮೂರು ಲೀಟರ್ ಡೀಸೆಲ್, ಲೀಟರಿಗೆ 90ರಂತೆ 270 ರೂಪಾಯಿ. ಎಣ್ಣೆ, ಫಿಲ್ಟರ್, ರಿಪೇರಿಗೆ 80, ಚಾಲಕನಿಗೆ 100. ಒಟ್ಟು 450.

ವರ್ಷಕ್ಕೆ 100 ಗಂಟೆ ಓಡಿಸುವವನಿಗೆ ಗಂಟೆಗೆ ಬೀಳುವುದು 1,575 ರೂಪಾಯಿ. 300 ಗಂಟೆಯಾದರೆ 825. 500 ಗಂಟೆಯಾದರೆ 675. ನಿಮ್ಮ ಊರಿನ ಬಾಡಿಗೆ ದರ ಗಂಟೆಗೆ 1,100 ಎಂದು ಹಿಡಿದರೆ ವರ್ಷಕ್ಕೆ 173 ಗಂಟೆ ದಾಟಿದ ಮೇಲೆ ಮಾತ್ರ ಸ್ವಂತ ಗಾಡಿ ಅಗ್ಗ. ನಿಮ್ಮ ಸಂಖ್ಯೆಗಳನ್ನು ಹಾಕಿ ಮತ್ತೊಮ್ಮೆ ಲೆಕ್ಕ ಮಾಡಿ.

ನಾಲ್ಕು ಎಕರೆ ಅಡಿಕೆಯವರು ವರ್ಷಕ್ಕೆ ಎಷ್ಟು ಗಂಟೆ ಬಳಸಬಹುದು? ಎರಡು ಸಲ ರೋಟವೇಟರ್ ಹದಿನಾಲ್ಕು ಗಂಟೆ, ಮೂರು ಸಲ ಔಷಧಿಗೆ ಪಂಪು ನಡೆಸುವುದು ಇಪ್ಪತ್ತನಾಲ್ಕು, ಗೊಬ್ಬರ ಮಣ್ಣು ಗೊನೆ ಸಾಗಿಸುವುದು ಮೂವತ್ತು, ಕಳೆ ಕತ್ತರಿಸುವುದು ಹದಿನೈದು. ಎಂಬತ್ತು ತೊಂಬತ್ತರಲ್ಲಿ ನಿಂತಿತು. ಅಂದರೆ ನಾಲ್ಕು ಎಕರೆಗೆ ಸ್ವಂತ ಟ್ರ್ಯಾಕ್ಟರ್ ಹಣದ ಲೆಕ್ಕದಲ್ಲಿ ಗಿಟ್ಟುವುದಿಲ್ಲ. ಅಣ್ಣತಮ್ಮಂದಿರು ಸೇರಿ ಹತ್ತು ಎಕರೆಗೆ ಒಂದನ್ನು ಕೊಂಡರೆ, ಅಥವಾ ಪಕ್ಕದ ನಾಲ್ಕು ತೋಟಗಳಿಗೆ ಬಾಡಿಗೆ ಹೊಡೆದರೆ ಗಿಟ್ಟುತ್ತದೆ. ಜಂಟಿಯಾಗಿ ಕೊಳ್ಳುವವರು ಮಳೆ ಬಿಡುವು ಕೊಟ್ಟ ದಿನ ಯಾರ ತೋಟ ಮೊದಲು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಪಾಲಾಗದ ಮನೆಗಳೂ ಆ ದಿನ ಪಾಲಾಗುತ್ತವೆ.

ಇಷ್ಟಾದರೂ ಒಂದು ಮಾತು. ಬಾಡಿಗೆ ಗಾಡಿ ನಮಗೆ ಬೇಕಾದ ದಿನ ಬರುವುದಿಲ್ಲ. ಹದ ತಪ್ಪಿ ಹೋದದ್ದರ ಬೆಲೆ ಮೇಲಿನ ಲೆಕ್ಕದಲ್ಲಿ ಇಲ್ಲ. ಹಾಗಾಗಿ ನೂರೈವತ್ತು ಗಂಟೆಯವರು ಕೊಂಡರೆ ತಪ್ಪೆನ್ನಲಾರೆ. ಎಂಬತ್ತು ಗಂಟೆಯವರು ಕೊಳ್ಳುವ ಮೊದಲು ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಮಿನಿ ಟ್ರ್ಯಾಕ್ಟರ್ ಬಾಡಿಗೆಗೆ ಇದೆಯೇ ವಿಚಾರಿಸಲಿ.

ಸಹಾಯಧನ ಎಷ್ಟು ಸಿಗುತ್ತದೆ?

ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಈಚಿನ ವರ್ಷಗಳಲ್ಲಿ ಸಾಮಾನ್ಯ ವರ್ಗದವರಿಗೆ ಮಿನಿ ಟ್ರ್ಯಾಕ್ಟರಿಗೆ 75,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಗರಿಷ್ಠ 3 ಲಕ್ಷದವರೆಗೆ ಕೊಡುತ್ತಾ ಬಂದಿದ್ದಾರೆ. ಅನುದಾನ ಪ್ರತಿ ವರ್ಷ ಬರುವಷ್ಟೇ ಬರುತ್ತದೆ, ಅರ್ಜಿಗಳು ಅದಕ್ಕಿಂತ ಹೆಚ್ಚು. ಫ್ರೂಟ್ಸ್ (ಸರ್ಕಾರದ ರೈತ ನೋಂದಣಿ) ಗುರುತಿನ ಸಂಖ್ಯೆ, ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಮಂಜೂರಾತಿ ಕೈಗೆ ಬರುವ ಮೊದಲು ಗಾಡಿ ತರಬೇಡಿ. 'ತಂದುಬಿಡಿ, ಆಮೇಲೆ ಮಾಡಿಸಿಕೊಡೋಣ' ಎಂದ ಮಾತನ್ನು ನಂಬಿ ಪೂರ್ತಿ ಬೆಲೆ ತೆತ್ತವರನ್ನು ನಾನು ಬಲ್ಲೆ.

ಸಾಲದಲ್ಲಿ ಮೋಸ ಹೋಗದಿರುವುದು ಹೇಗೆ?

'ಫ್ಲ್ಯಾಟ್ ಬಡ್ಡಿಯೋ, ಇಳಿಯುವ ಬಡ್ಡಿಯೋ' ಎಂದು ಕೇಳಿ. ಫ್ಲ್ಯಾಟ್ ಎಂದರೆ ಕೊನೆಯವರೆಗೂ ಪೂರ್ತಿ ಸಾಲದ ಮೇಲೆ ಬಡ್ಡಿ, ಇಳಿಯುವುದು ಎಂದರೆ ತೀರಿಸದೆ ಉಳಿದ ಅಸಲಿಗೆ ಮಾತ್ರ ಬಡ್ಡಿ. ನಾಲ್ಕು ಲಕ್ಷ ಸಾಲ, ಐದು ವರ್ಷ, ಎರಡೂ ಕಡೆ ಶೇಕಡ 10 ಎಂದೇ ಹೇಳುತ್ತಾರೆ. ಇಳಿಯುವ ಬಡ್ಡಿಯಲ್ಲಿ ತಿಂಗಳ ಕಂತು 8,500, ಒಟ್ಟು ಬಡ್ಡಿ 1,10,000. ಫ್ಲ್ಯಾಟ್ ಲೆಕ್ಕದಲ್ಲಿ ಕಂತು 10,000, ಒಟ್ಟು ಬಡ್ಡಿ ಎರಡು ಲಕ್ಷ. ಈ ಎರಡನೆಯದು ನಿಜಕ್ಕೂ ಶೇಕಡ 17ರ ಮೇಲಿನ ಬಡ್ಡಿ. ಗಾಡಿಯ ಬೆಲೆಯಲ್ಲಿ ಐದು ಸಾವಿರಕ್ಕಾಗಿ ಅರ್ಧ ದಿನ ಚೌಕಾಸಿ ಮಾಡಿ, ಇಲ್ಲಿ ತೊಂಬತ್ತು ಸಾವಿರವನ್ನು ಒಂದು ಸಹಿಯಲ್ಲಿ ಬಿಟ್ಟು ಬರುತ್ತೇವೆ. ಅಡಿಕೆಯವರು ಕೊಯ್ಲಿಗೆ ಹೊಂದುವಂತೆ ಆರು ತಿಂಗಳ ಕಂತು ಕೇಳಬಹುದು, ಕೊಡುತ್ತಾರೆ.

ಬ್ಯಾಟರಿ ಟ್ರ್ಯಾಕ್ಟರ್ ಹೇಗೆ?

2020ರ ಡಿಸೆಂಬರ್‌ನಲ್ಲಿ ಸೋನಾಲಿಕ ಕಂಪನಿ ಟೈಗರ್ ಎಲೆಕ್ಟ್ರಿಕ್ ಹೊರತಂದಿತು. ಮೋಟಾರು 11 ಕಿಲೋವ್ಯಾಟ್, ಬ್ಯಾಟರಿ 25.5 ಯೂನಿಟ್. ರೋಟವೇಟರಿನಂಥ ಕೆಲಸಕ್ಕೆ ಏಳು ಕಿಲೋವ್ಯಾಟ್ ಎಳೆಯಿತೆಂದರೆ ಮೂರೂವರೆ ಗಂಟೆಗೆ ಬ್ಯಾಟರಿ ಖಾಲಿ. ಹಗುರ ಕೆಲಸಕ್ಕೆ ಹೆಚ್ಚು ಬರುತ್ತದೆ. ಪಂಪ್‌ಸೆಟ್ಟಿಗೇ ತ್ರೀ ಫೇಸ್ ಕರೆಂಟು ರಾತ್ರಿ ಬರುವ ಊರುಗಳಲ್ಲಿ ನಾನಂತೂ ಇನ್ನೂ ಕಾಯುತ್ತೇನೆ.

ಅಮೆರಿಕದ ವಿಡಿಯೊಗಳಲ್ಲಿ ಇಷ್ಟೇ ಚಿಕ್ಕ ಟ್ರ್ಯಾಕ್ಟರು ಮುಂದೆ ಬಕೆಟ್ ಕಟ್ಟಿಕೊಂಡು ಮಣ್ಣು ಎತ್ತುತ್ತದೆ. ಇಲ್ಲಿ ಏಕಿಲ್ಲ?

ಅಲ್ಲಿ ಅದು ಬಹುಮಟ್ಟಿಗೆ ಮನೆಯಂಗಳದ, ಹುಲ್ಲುಹಾಸಿನ, ಹಿಮ ತಳ್ಳುವ ಗಾಡಿ. ಗೇರ್ ಬದಲಿಸದೆ ಪೆಡಲ್ ಒತ್ತಿ ಹಿಂದೆ ಮುಂದೆ ಹೋಗುವ ಹೈಡ್ರೋಸ್ಟ್ಯಾಟಿಕ್ ವ್ಯವಸ್ಥೆ ಅಂಥ ಕೆಲಸಕ್ಕೆ ಅನುಕೂಲ, ಬೆಲೆ ಹೆಚ್ಚು, ಎಂಜಿನ್ ಬಲದ ಒಂದು ಪಾಲು ಎಣ್ಣೆ ಬಿಸಿಯಾಗುವುದರಲ್ಲೇ ಹೋಗುತ್ತದೆ. ಲೀಟರ್ ಡೀಸೆಲ್ ಲೆಕ್ಕ ಹಾಕುವ ನಮಗೆ ಗೇರಿನ ಗಾಡಿಯೇ ಹೊಂದುತ್ತದೆ. ಅಲ್ಲಿರುವ ಮಗನೋ ಅಳಿಯನೋ 'ಅಪ್ಪಾ, ಅದೇ ತೆಗೆದುಕೊಳ್ಳಿ' ಎಂದರೆ ಲೋಡರಿನ ಕೆಲಸಕ್ಕೆ ಊರಿನ ಜೆಸಿಬಿಯನ್ನು ಎರಡು ಗಂಟೆ ಕರೆಸಿದರೆ ಸಾಕೆಂದು ತಿಳಿಸಿ.

ಟ್ರಾಲಿ ಎಳೆಯುತ್ತದೆಯೇ? ಪರವಾನಗಿ, ನೋಂದಣಿ ಹೇಗೆ?

ಎಳೆಯುತ್ತದೆ. ನಿಲ್ಲಿಸುವುದು ಕಷ್ಟ. ಆರುನೂರು ಕೆಜಿ ಗಾಡಿಯ ಹಿಂದೆ ಎರಡು ಟನ್ ಮಣ್ಣು ತುಂಬಿ ಇಳಿಜಾರಿಗೆ ಬಿಟ್ಟರೆ ಬ್ರೇಕ್ ಒತ್ತಿದ ಮೇಲೂ ಟ್ರಾಲಿ ಹಿಂದಿನಿಂದ ತಳ್ಳುತ್ತಲೇ ಇರುತ್ತದೆ, ಗಾಡಿ ಅಡ್ಡ ತಿರುಗಿ ಮಡಚಿಕೊಳ್ಳುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಇಳಿಜಾರಿನಲ್ಲಿ ಒಂದು ಟನ್ನಿಗಿಂತ ಹೆಚ್ಚು ಹೇರಬೇಡಿ, ಇಳಿಯುವಾಗ ಕೆಳಗಿನ ಗೇರಿನಲ್ಲೇ ಇಳಿಯಿರಿ. ಟ್ರಾಲಿಗೆ ಪ್ರತ್ಯೇಕ ನೋಂದಣಿ ಬೇಕು, ಮೂರನೆಯವರ ವಿಮೆ ಕಡ್ಡಾಯ. ಟ್ರಾಲಿಯಲ್ಲಿ ಜನರನ್ನು ಸಾಗಿಸಿ ಅಪಘಾತವಾದರೆ ವಿಮೆಯವರು ಕೈಯೆತ್ತುತ್ತಾರೆ. ಪರವಾನಗಿಯ ವಿಷಯದಲ್ಲಿ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಗೊಂದಲ ಕಳೆದಿದೆ. ಲಘು ಮೋಟಾರು ವಾಹನದ ಪರವಾನಗಿ ಇದ್ದವರು ಒಟ್ಟು ತೂಕ 7,500 ಕೆಜಿಯೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು.

ಹಳೆಯದನ್ನು ಕೊಂಡರೆ ಏನು ನೋಡಬೇಕು?

ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ, ನೀವೇ ಚಾಲೂ ಮಾಡಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳಿ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಮುಂದಿನ ಆಕ್ಸಲಿನ ಎರಡೂ ತುದಿಯಲ್ಲಿ ಎಣ್ಣೆ ಜಿನುಗಿದೆಯೇ ಬೆರಳಿಟ್ಟು ನೋಡಿ. ಗಂಟೆ ತೋರಿಸುವ ಮೀಟರ್ ಕೆಟ್ಟಿದ್ದರೆ ಕ್ಲಚ್ ಪೆಡಲಿನ ರಬ್ಬರು ನೋಡಿ, ಸವೆದ ರಬ್ಬರಿನ ಪಕ್ಕದಲ್ಲಿ 600 ಗಂಟೆ ಎಂದು ಬರೆದಿದ್ದರೆ ನಂಬಬೇಡಿ. ಭಾರ ಎತ್ತಿಸಿ, ಎಂಜಿನ್ ನಿಲ್ಲಿಸಿ, ಹತ್ತು ನಿಮಿಷ ಬಿಡಿ. ಸಲಕರಣೆ ಕೂಡಲೇ ಕೆಳಗಿಳಿದರೆ ಹೈಡ್ರಾಲಿಕ್ಸಿಗೆ ಖರ್ಚು ಕಾದಿದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಸಾಲ ತೀರಿದ ಪತ್ರ ಕೈಗೆ ಬರುವವರೆಗೆ ಮುಂಗಡವನ್ನೂ ಕೊಡಬೇಡಿ.

ಹೆಂಗಸರು, ಹುಡುಗರು ಓಡಿಸಬಹುದೇ? ಚಿಕ್ಕದಾದ್ದರಿಂದ ಅಪಾಯ ಕಡಿಮೆಯಲ್ಲವೇ?

ಹೆಂಗಸರು ಧಾರಾಳವಾಗಿ ಓಡಿಸುತ್ತಾರೆ, ಪವರ್ ಸ್ಟೀರಿಂಗ್ ಇರುವುದನ್ನು ತೆಗೆದುಕೊಳ್ಳಿ. ಪರವಾನಗಿಯ ವಯಸ್ಸಾಗದ ಹುಡುಗರ ಕೈಗೆ ಬೇಡ.

ಅಪಾಯ ಕಡಿಮೆ ಎಂಬುದು ತಪ್ಪು. ಕಿರಿದಾದ ಗಾಡಿ ಬದುವಿನ ಅಂಚಿನಲ್ಲಿ ದೊಡ್ಡದಕ್ಕಿಂತ ಬೇಗ ಮಗುಚುತ್ತದೆ. ರಕ್ಷಣಾ ಕಮಾನು ಇದ್ದರೆ ಸೀಟ್ ಬೆಲ್ಟ್ ಹಾಕಿಯೇ ಓಡಿಸಿ. ಪಿಟಿಒ ದಂಡದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಅಡ್ಡಿ ಎಂದು ಕಿತ್ತು ಬಿಸಾಡಿದ ಗಾಡಿಗಳೇ ಹೆಚ್ಚು ಕಾಣುತ್ತವೆ. ಆ ದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಒಂಬತ್ತು. ಪಂಚೆಯ ಅಂಚೋ ಸೀರೆಯ ಸೆರಗೋ ಸಿಕ್ಕಿದರೆ ಕೂಗುವಷ್ಟರಲ್ಲಿ ಮುಗಿದಿರುತ್ತದೆ. ರೋಟವೇಟರಿಗೆ ಡ್ರಿಪ್ ಪೈಪು ಸುತ್ತಿಕೊಂಡಾಗ ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡೇ ಕೆಳಗಿಳಿಯಿರಿ.

ಕೊನೆಗೆ ಎರಡು ಮಾದರಿಗಳ ನಡುವೆ ಸಿಕ್ಕಿಕೊಂಡಿದ್ದೇನೆ. ಹೇಗೆ ಆರಿಸಲಿ?

ಎರಡನ್ನೂ ನಿಮ್ಮ ತೋಟಕ್ಕೇ ತರಿಸಿ ಓಡಿಸಿ ತೋರಿಸಲು ಹೇಳಿ. ಶೋರೂಮಿನ ಅಂಗಳದಲ್ಲಿ ಎಲ್ಲ ಗಾಡಿಯೂ ಚೆನ್ನಾಗಿ ಓಡುತ್ತದೆ, ನವೆಂಬರ್‌ನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳದಲ್ಲಿ ಬಣ್ಣ ಹಚ್ಚಿ ನಿಲ್ಲಿಸಿದಾಗ ಇನ್ನೂ ಚೆನ್ನಾಗಿ ಕಾಣುತ್ತದೆ. ನಿಮ್ಮ ಸಾಲಿನ ಕೊನೆಯಲ್ಲಿ ಒಂದೇ ಸಲಕ್ಕೆ ತಿರುಗುವುದು ಯಾವುದು, ಮೂರು ಸಲ ಹಿಂದೆ ಮುಂದೆ ಮಾಡಬೇಕಾದದ್ದು ಯಾವುದು ಎಂದು ನೋಡಿ. ಟ್ಯಾಂಕು ಅಂಚಿನವರೆಗೆ ತುಂಬಿಸಿ, ಒಂದು ಗಂಟೆ ರೋಟವೇಟರ್ ಹೊಡೆಸಿ, ಮತ್ತೆ ಅಂಚಿನವರೆಗೆ ತುಂಬಿಸಿ, ಎಷ್ಟು ಲೀಟರ್ ಹಿಡಿಯಿತೆಂದು ಬರೆದುಕೊಳ್ಳಿ. ಆ ಡೀಸೆಲ್ ನಿಮ್ಮದೇ ಆಗಲಿ, ಮುನ್ನೂರು ರೂಪಾಯಿಗೆ ಹೆದರಬೇಡಿ.

ಆಮೇಲೆ ಒಂದು ಫೋನ್ ಮಾಡಿ. ಕ್ಲಚ್ ಪ್ಲೇಟ್ ಮತ್ತು ಮುಂದಿನ ಆಕ್ಸಲಿನ ಸೀಲ್ ನಿಮ್ಮ ತಾಲ್ಲೂಕಿನಲ್ಲಿ ಇವತ್ತೇ ಸಿಗುತ್ತದೆಯೇ ಎಂದು ಬಿಡಿಭಾಗದ ಅಂಗಡಿಯವರನ್ನು ಕೇಳಿ. 'ಇದೆ, ಬನ್ನಿ' ಎಂದ ಗಾಡಿಯನ್ನು ನಾನು ಆರಿಸಿಕೊಂಡೆ. 'ತರಿಸಿಕೊಡುತ್ತೇವೆ' ಎಂದ ಗಾಡಿ ಎರಡು ಎಚ್‌ಪಿ ಹೆಚ್ಚಿನದಾಗಿತ್ತು.